ಹೆಬ್ಬೆಟ್ಟಿಗೆ ಮುನ್ನ ಓದಿ ಹೇಳಿ

ಓದಲು ಬಾರದವರನ್ನು ನಮ್ಮ ಸರ್ಕಾರ ಮರ್ಯಾದೆಯಿಂದ ಕಾಣುವುದು ಮತದಾನದ ದಿನ ಮಾತ್ರ. ಅಂದು ಅವರಿಗಾಗಿ ಚಿಹ್ನೆ ಇರುತ್ತದೆ, ಯಂತ್ರದ ಮೇಲೆ ಅಭ್ಯರ್ಥಿಯ ಫೋಟೊ ಇರುತ್ತದೆ, ಸಹಿ ಬಾರದಿದ್ದರೆ ಇಂಕ್ ಪ್ಯಾಡ್ ತಾನಾಗಿ ಮುಂದೆ ಬರುತ್ತದೆ. "ಬರೆಯೋಕೂ ಬರಲ್ವಾ?" ಎಂದು ಯಾರೂ ಗದರುವುದಿಲ್ಲ. ಮರುದಿನದಿಂದ ಅದೇ ಮನುಷ್ಯರು ಯಾವ ಕಚೇರಿಯ ಮೆಟ್ಟಿಲು ಹತ್ತಿದರೂ ಬೇರೆಯದೇ ರಾಗ. ಅರ್ಜಿ ಬರೆಸಿಕೊಂಡು ಬನ್ನಿ. ನಮೂನೆ ತುಂಬಿಸಿಕೊಂಡು ಬನ್ನಿ. ಬೋರ್ಡಿನಲ್ಲಿ ಹಾಕಿದೆ, ನೋಡಿಕೊಳ್ಳಿ. ಓದಿಕೊಂಡು ಸಹಿ ಹಾಕಿ.

ಆ ಒಂದು ದಿನದ ಮರ್ಯಾದೆಯೂ ಸುಮ್ಮನೆ ಬಂದದ್ದಲ್ಲ. 1951ರ ಜನಗಣತಿಯಲ್ಲಿ ದೇಶದ ನೂರು ಜನರಲ್ಲಿ 18 ಮಂದಿಗಷ್ಟೇ ಅಕ್ಷರ ಬರುತ್ತಿತ್ತು. ಅಂಥ ದೇಶದಲ್ಲಿ ವಯಸ್ಕರೆಲ್ಲರಿಗೂ ಓಟು ಕೊಟ್ಟದ್ದು ಹುಚ್ಚುತನ ಎಂದವರು ಬೇಕಾದಷ್ಟು ಜನ. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರು, ಜನರಿಗೆ ಓದು ಬರುವ ತನಕ ಚುನಾವಣೆ ಕಾಯಲಿ ಎನ್ನಲಿಲ್ಲ. ಓದು ಬಾರದವರೂ ಓಟು ಹಾಕುವಂತೆ ಚುನಾವಣೆಯನ್ನೇ ಬದಲಿಸಿದರು. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚಿಹ್ನೆ. ಜೋಡೆತ್ತು ಬೇಕಾದವರು ಜೋಡೆತ್ತಿನ ಪೆಟ್ಟಿಗೆಗೆ ಚೀಟಿ ಹಾಕಿದರಾಯಿತು, ಗುರುತು ಒತ್ತುವ ಕೆಲಸವೂ ಇರಲಿಲ್ಲ. ಹಾಗಿದ್ದೂ ಪಟ್ಟಿ ಬರೆಯುವಾಗ ತಮ್ಮ ಹೆಸರು ಹೇಳದೆ "ಇಂಥವರ ಹೆಂಡತಿ", "ಇಂಥವನ ತಾಯಿ" ಎಂದು ಬರೆಸಿದ ಸುಮಾರು 28 ಲಕ್ಷ ಹೆಂಗಸರು ಆ ಚುನಾವಣೆಯಿಂದ ಹೊರಗುಳಿದರು. ಅವರಲ್ಲಿ ಹೆಚ್ಚಿನವರು ಉತ್ತರದ ರಾಜ್ಯಗಳವರು.

ಆ ಎಚ್ಚರ ಚುನಾವಣೆಯಲ್ಲಿ ಈಗಲೂ ಉಳಿದಿದೆ. 2013ರಲ್ಲಿ "ಮೇಲಿನ ಯಾರೂ ಅಲ್ಲ" ಎಂಬ ಆಯ್ಕೆ ಯಂತ್ರಕ್ಕೆ ಬಂದಾಗ ಅದು ಬರೀ ಅಕ್ಷರದಲ್ಲಿತ್ತು. ಯಾರನ್ನೂ ಒಪ್ಪದಿರುವ ಹಕ್ಕು ಓದುಬಲ್ಲವರಿಗೆ ಮಾತ್ರ ಸಿಕ್ಕಂತಾಗಿತ್ತು. 2015ರಲ್ಲಿ ಅದಕ್ಕೂ ಒಂದು ಚಿಹ್ನೆ ಕೊಟ್ಟರು. ಚುನಾವಣೆಯ ಆಚೆಗೂ ಅಪರೂಪಕ್ಕೆ ಈ ಎಚ್ಚರ ಕಾಣುತ್ತದೆ, ಕ್ರಿಮಿನಾಶಕದ ಡಬ್ಬಿ ನೋಡಿ. ಅದರ ಮೇಲಿನ ಚೌಕದಲ್ಲಿ ಕೆಂಪು ಬಣ್ಣವಿದ್ದರೆ ಅತಿ ಘೋರ ವಿಷ, ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಆಮೇಲೆ ನೀಲಿ, ಕೊನೆಗೆ ಹಸಿರು. ಹತ್ತಿ ಹೊಲದಲ್ಲಿ ಔಷಧ ಹೊಡೆಯುವ ಕೂಲಿಯವನಿಗೆ ಓದು ಬಾರದಿರಬಹುದು ಎಂದು ಯಾರೋ ಯೋಚಿಸಿ ಮಾಡಿದ ನಿಯಮ ಇದು. ನಾನು ಹೇಳಹೊರಟದ್ದು ಇಷ್ಟು: ಮನಸ್ಸಿದ್ದರೆ ಸರ್ಕಾರಕ್ಕೆ ಇದು ಬರುತ್ತದೆ. ಓಟು ಬೇಕಾದಾಗ ಬಂದ ಬುದ್ಧಿ ಹೊಲ, ಪಿಂಚಣಿ, ಸಾಲ, ರಸೀದಿಗಳ ವಿಷಯಕ್ಕೆ ಏಕೆ ಬರಲಿಲ್ಲ?

ಕರ್ನಾಟಕದಲ್ಲಿ ಬಡವರ ಹಕ್ಕುಗಳ ಚರಿತ್ರೆಯೆಂದರೆ ಬಹುಪಾಲು ನಮೂನೆಗಳ ಚರಿತ್ರೆ. ದೇವರಾಜ ಅರಸರ ಕಾಲದಲ್ಲಿ ಉಳುವವನೇ ಹೊಲದೊಡೆಯ ಎಂಬ ಕಾನೂನು 1974ರಲ್ಲಿ ಬಂತು. ದೊಡ್ಡ ಕಾನೂನು, ಲಕ್ಷಾಂತರ ಗೇಣಿದಾರರ ಬದುಕನ್ನು ಅದು ಬದಲಿಸಿತು. ಆದರೆ ತಲೆಮಾರುಗಳಿಂದ ಉತ್ತ ನೆಲ ತನ್ನದೆನ್ನಲು ಗೇಣಿದಾರ ಭೂ ನ್ಯಾಯಮಂಡಳಿಗೆ ನಮೂನೆ 7ರಲ್ಲಿ ಅರ್ಜಿ ಹಾಕಬೇಕಿತ್ತು. ಕೊನೆಯ ಗಡುವು 1979ರ ಜೂನ್ 30. ಗೇಣಿ ನಡೆದದ್ದು ಬಾಯಿಮಾತಿನಲ್ಲಿ, ಹಕ್ಕು ಕೇಳಬೇಕಾದದ್ದು ಬರಹದಲ್ಲಿ. ಧಣಿಯ ಮನೆಯಲ್ಲಿ ಲೆಕ್ಕ ಬರೆಯುವವನಿದ್ದ, ಉಳುವವನ ಗುಡಿಸಲಲ್ಲಿ ಗಡುವು ಓದಿ ಹೇಳುವವನೂ ಇರಲಿಲ್ಲ. ಆಮೇಲೆ ಬಗರ್ ಹುಕುಂ ಜಮೀನಿನ ಸಕ್ರಮಕ್ಕೆ ನಮೂನೆ 50 ಬಂತು, ನಂತರ 53, ನಂತರ 57. ತಾಲ್ಲೂಕು ಕಚೇರಿಯ ಆವರಣದಲ್ಲಿ ಈ ಅಂಕಿಗಳನ್ನು ಮಂತ್ರದ ಹಾಗೆ ಹೇಳುವ ರೈತರಿದ್ದಾರೆ. ತಾವು ಹಾಕಿದ್ದು ಯಾವ ನಮೂನೆ, ಅದರಲ್ಲಿ ಬರೆದದ್ದೇನು ಎಂದು ಕೇಳಿದರೆ ಅವರು ಅರ್ಜಿ ಬರೆದುಕೊಟ್ಟವನ ಮುಖ ನೋಡುತ್ತಾರೆ.

1978ರಲ್ಲಿ ಇನ್ನೊಂದು ಕಾಯ್ದೆ ಬಂತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಪರಭಾರೆ ಮಾಡುವಂತಿಲ್ಲ ಎಂಬ ಈ ಕಾಯ್ದೆಯನ್ನು ಊರೂರಲ್ಲಿ ಪಿ.ಟಿ.ಸಿ.ಎಲ್. ಎಂದೇ ಕರೆಯುತ್ತಾರೆ. ಇದು ಏಕೆ ಬೇಕಾಯಿತೆಂದರೆ, ಬಡತನವನ್ನೂ ಅಕ್ಷರ ಬಾರದಿರುವುದನ್ನೂ ಬಂಡವಾಳ ಮಾಡಿಕೊಂಡು ಆ ಜಮೀನುಗಳನ್ನು ಅಗ್ಗಕ್ಕೆ ಬರೆಸಿಕೊಂಡವರು ಅಷ್ಟು ಮಂದಿ ಇದ್ದರು. ಹಳೆಯ ಕ್ರಯಪತ್ರಗಳ ಕೊನೆಯ ಪುಟ ತಿರುಗಿಸಿ ನೋಡಿ. ಹೆಬ್ಬೆಟ್ಟಿನ ಕಪ್ಪು ಗುರುತು, ಪಕ್ಕದಲ್ಲಿ ಬೇರೆಯವರ ಕೈಯಲ್ಲಿ ಬರೆದ ಹೆಸರು, ಕೆಳಗೆ ಬಿಕ್ಕಲಂ ಎಂದು ಪತ್ರ ಬರೆದವನ ರುಜು, ಮಧ್ಯದಲ್ಲಿ ಓದಿ ಹೇಳಲಾಗಿ ಕೇಳಿ ಒಪ್ಪಿರುತ್ತಾರೆ ಎಂಬರ್ಥದ ಒಂದು ಸಾಲು. ಆ ಸಾಲಿನಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂಬುದು ಹೆಬ್ಬೆಟ್ಟು ಒತ್ತಿದವರಿಗೂ ಬಿಕ್ಕಲಂ ಹಾಕಿದವರಿಗೂ ಮಾತ್ರ ಗೊತ್ತು.

ಕಲ್ಯಾಣ ಕರ್ನಾಟಕದ ಒಂದು ಕಚೇರಿಯಲ್ಲಿ ನಾನು ನೋಡಿದ ಹಿರಿಯಾಕೆಯ ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲವಿತ್ತು. ವಯಸ್ಸು ಅರವತ್ತು ದಾಟಿರಬೇಕು. ವಿಧವಾ ವೇತನ ನಿಂತುಹೋಗಿದೆ ಎಂದು ವಿಚಾರಿಸಲು ಬಂದಿದ್ದರು. "ಆದೇಶದ ಕಾಪಿ ಕೊಡವ್ವ" ಎಂದ ಗುಮಾಸ್ತ. ಆಕೆ ಚೀಲವನ್ನೇ ಮೇಜಿನ ಮೇಲಿಟ್ಟು, "ಯಾವದು ಬೇಕು ನೋಡಿ ತಗೋರಿ ಸಾಹೇಬ್ರ, ನನಗೇನ್ ತಿಳೀತದ" ಎಂದರು. ಒಳಗೆ ಮನೆಯ ಕಾಗದವೆಲ್ಲ ಇತ್ತು: ರೇಷನ್ ಕಾರ್ಡು, ಆಧಾರ್ ಕಾರ್ಡಿನ ನಾಲ್ಕಾರು ಜೆರಾಕ್ಸು, ಪಾಸ್‌ಬುಕ್ಕು, ಗಂಡ ತೀರಿಕೊಂಡದ್ದರ ಸರ್ಟಿಫಿಕೇಟು, ಆಸ್ಪತ್ರೆಯ ಚೀಟಿಗಳು, ಹಳೆಯ ಚುನಾವಣೆಯ ಒಂದು ಕರಪತ್ರ, ಯಾರದೋ ಮದುವೆಯ ಲಗ್ನಪತ್ರಿಕೆ. ಆಕೆಗೆ ಕಾಗದಗಳ ಗುರುತು ಸಿಗುತ್ತಿರಲಿಲ್ಲ ಎಂದಲ್ಲ. ಮೂಲೆ ಸುಟ್ಟದ್ದು ಗಂಡನದು, ಎಣ್ಣೆ ಬಿದ್ದದ್ದು ಹೊಲದ್ದು, ದಪ್ಪ ರಟ್ಟಿನದು ಬ್ಯಾಂಕಿನದು. ಓದುವವರಿಗಿಂತ ಜೋಪಾನವಾಗಿ ಅವನ್ನೆಲ್ಲ ಇಟ್ಟುಕೊಂಡಿದ್ದರು. ಗುಮಾಸ್ತ ಹುಡುಕುತ್ತ ಹುಡುಕುತ್ತ ಒಂದು ಕಾಗದ ಬಿಡಿಸಿ ಓದಿದ. ಇಂಥ ದಾಖಲೆಯನ್ನು ಇಷ್ಟು ದಿನದೊಳಗೆ ತಂದುಕೊಡದಿದ್ದರೆ ವೇತನ ನಿಲ್ಲುತ್ತದೆ ಎಂಬ ನೋಟಿಸು. ತಿಂಗಳುಗಳ ಹಿಂದಿನದು.

"ಯವ್ವಾ, ಇದು ಬಂದು ಎಷ್ಟ್ ದಿನ ಆತು? ಯಾರಿಗೂ ತೋರಿಸ್ಲಿಲ್ಲೇನು?"

"ಸರ್ಕಾರದ ಕಾಗದ ಬಂದಾದಂತ ದೇವರ ಜಗಲಿ ಮ್ಯಾಲ ಇಟ್ಟಿದ್ದೆರೀ."

ಅಲ್ಲಿದ್ದವರು ನಕ್ಕರು. ಗುಮಾಸ್ತ ನಗಲಿಲ್ಲ, ಅವನು ಒಳ್ಳೆಯವನು. ಹೊಸ ಅರ್ಜಿ ಅವನೇ ಬರೆದುಕೊಟ್ಟ. ಆದರೆ ಎಲ್ಲ ಮೇಜುಗಳ ಹಿಂದೆ ಒಳ್ಳೆಯವರೇ ಕುಳಿತಿರುತ್ತಾರೆ ಎಂದು ನಂಬಿ ವ್ಯವಸ್ಥೆ ನಡೆಸಲಾಗುವುದಿಲ್ಲ. ಅಂಚೆಯವನು, ಓದುಬಲ್ಲ ನೆರೆಮನೆಯವರು, ಪಂಚಾಯಿತಿಯವರು, ಅಂಗನವಾಡಿ ಕಾರ್ಯಕರ್ತೆ, ಶಾಲೆಯ ಮಾಸ್ತರು, ಇಷ್ಟು ಜನರಲ್ಲಿ ಒಬ್ಬರು ಎರಡು ನಿಮಿಷ ನಿಂತು ಆ ಕಾಗದ ಓದಿ ಹೇಳಿದ್ದರೆ ಆ ವೇತನ ನಿಲ್ಲುತ್ತಿರಲಿಲ್ಲ.

ಇಂಥವರು ಎಷ್ಟು ಮಂದಿ? 2011ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ನೂರಕ್ಕೆ 75 ಚಿಲ್ಲರೆ. ಗಂಡಸರದು 82, ಹೆಂಗಸರದು 68. ಏಳು ವರ್ಷ ದಾಟಿದವರಲ್ಲಿ ಸುಮಾರು 1.3 ಕೋಟಿ ಜನಕ್ಕೆ ಆಗ ಓದು ಬರಹ ಬರುತ್ತಿರಲಿಲ್ಲ. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ 88 ದಾಟಿದ್ದ ಲೆಕ್ಕ ಯಾದಗಿರಿಯಲ್ಲಿ 52ಕ್ಕೆ ನಿಂತಿತ್ತು. ಅಲ್ಲಿನ ಹೆಂಗಸರಲ್ಲಂತೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅಕ್ಷರವಿರಲಿಲ್ಲ. 2021ರಲ್ಲಿ ಆಗಬೇಕಿದ್ದ ಗಣತಿ ಮುಂದಕ್ಕೆ ಹೋಯಿತು. ಹಾಗಾಗಿ ಈ ಜನರ ತಲೆ ಎಣಿಸುವ ಕೆಲಸವೂ ಬಾಕಿ ಬಿದ್ದಿದೆ.

ಯಾದಗಿರಿ, ರಾಯಚೂರು, ಕಲಬುರಗಿಯ ಜನ ಕಲಿಕೆಗೆ ಹಿಂದೆ ಬಿದ್ದವರು ಎಂದು ದಕ್ಷಿಣದ ಕಡೆಯವರು ಹಗುರವಾಗಿ ಮಾತಾಡುವುದನ್ನು ಕೇಳಿದ್ದೇನೆ. ಆದರೆ 1948ರ ತನಕ ಅವರು ನಿಜಾಮನ ಪ್ರಜೆಗಳು. ಆಡಳಿತ ಉರ್ದುವಿನಲ್ಲಿ, ಮೇಲ್ಮಟ್ಟದ ಶಾಲೆ ಉರ್ದುವಿನಲ್ಲಿ, ಮನೆಮಾತಿನ ಶಾಲೆಗಳು ಬೆರಳೆಣಿಕೆಯಷ್ಟು. ಮೈಸೂರು ಸಂಸ್ಥಾನದ ಹಳ್ಳಿಯವನಿಗೆ ಸಿಕ್ಕ ಅರ್ಧದಷ್ಟು ಆರಂಭವೂ ಅವರಿಗೆ ಸಿಗಲಿಲ್ಲ. ಆಮೇಲೆ ಬರ ಬಂತು, ಗುಳೆ ಬಂತು. ಬೆಂಗಳೂರಿನಲ್ಲಿ ಕಟ್ಟಡ ಏಳಿಸಲು ಅಪ್ಪ ಅವ್ವ ಹೊರಟರೆ ಮಗುವಿನ ಶಾಲೆ ಅಲ್ಲಿಗೇ ನಿಲ್ಲುತ್ತದೆ. ಸಂವಿಧಾನದ 45ನೇ ವಿಧಿ 1950ರಿಂದ ಹತ್ತು ವರ್ಷದೊಳಗೆ ಹದಿನಾಲ್ಕರವರೆಗಿನ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣ ಕೊಡಲು ಪ್ರಯತ್ನಿಸಬೇಕೆಂದು ಸರ್ಕಾರಕ್ಕೆ ಹೇಳಿತ್ತು. ಶಿಕ್ಷಣ ಹಕ್ಕಿನ ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. ಮಾತು ಕೊಟ್ಟ ಗಡುವು ಮುಗಿದು ಐವತ್ತು ವರ್ಷವಾದ ಮೇಲೆ. ಆ ಐವತ್ತು ವರ್ಷದಲ್ಲಿ ಹುಟ್ಟಿ ಬೆಳೆದವರೇ ಇಂದು ಚೀಲ ಹಿಡಿದು ಕಚೇರಿಗಳ ಮುಂದೆ ನಿಂತಿರುವುದು. ಗಡುವು ಮೀರಿದ್ದು ಸರ್ಕಾರ, ದಂಡ ಕಟ್ಟುತ್ತಿರುವುದು ಅವರು.

ಓದು ಬಾರದಿದ್ದರೆ ಮೊದಲು ಹೋಗುವುದು ಗುಟ್ಟು ಎಂಬುದು ಓದುಬಲ್ಲವರಿಗೆ ಹೊಳೆಯುವುದೇ ಇಲ್ಲ. ಖಾತೆಯಲ್ಲಿ ಎಷ್ಟಿದೆ ಎಂದು ಪಾಸ್‌ಬುಕ್ ನೋಡಿ ಸೊಸೆ ಹೇಳಬೇಕು. ಆಸ್ಪತ್ರೆಯ ರಿಪೋರ್ಟು ಮಗ ಓದಬೇಕು, ಓದಿ ಅರ್ಧ ಹೇಳಿ ಅರ್ಧ ನುಂಗಬೇಕು. ಎಟಿಎಂ ಗುಟ್ಟಿನ ಸಂಖ್ಯೆ ಓಣಿಯ ಹುಡುಗನಿಗೆ ಗೊತ್ತಿರಬೇಕು. ಗೃಹಲಕ್ಷ್ಮಿಯ ಎರಡು ಸಾವಿರ ಬಂತೋ ಇಲ್ಲವೋ ಎಂಬುದನ್ನು ಮೊಬೈಲಿನಲ್ಲಿ ನೋಡಿ ಹೇಳುವವನು ಗಂಡ, ದುಡ್ಡು ಬಂದದ್ದನ್ನು ಬಂದಿಲ್ಲ ಎನ್ನಬಲ್ಲವನೂ ಅವನೇ. ಬ್ಯಾಂಕ್ ಮಿತ್ರನ ಯಂತ್ರದ ಮೇಲೆ ಬೆರಳಿಟ್ಟು "ಸರ್ವರ್ ಇಲ್ಲ, ನಾಳೆ ಬಾ" ಎನ್ನಿಸಿಕೊಂಡು ಬಂದವರು, ಅಂದೇ ಖಾತೆಯಿಂದ ದುಡ್ಡು ಹೋದದ್ದನ್ನು ತಿಂಗಳ ಮೇಲೆ ತಿಳಿಯುತ್ತಾರೆ.

ಮಾತ್ರೆಯ ವಿಷಯ ಇನ್ನೂ ನಾಜೂಕು. ಬಿಪಿಯದೂ ಬಿಳಿ, ಶುಗರಿನದೂ ಬಿಳಿ, ಪಟ್ಟಿಯ ಮೇಲಿನ ಅಕ್ಷರ ಇಂಗ್ಲಿಷು. ಹತ್ತರ ಪಟ್ಟಿಯಲ್ಲಿ ನಾಲ್ಕು ಕತ್ತರಿಸಿ ಕೊಟ್ಟರೆ ಔಷಧದ ಹೆಸರೂ ಅವಧಿ ಮುಗಿಯುವ ತಾರೀಖೂ ಅಂಗಡಿಯಲ್ಲೇ ಉಳಿಯುತ್ತವೆ. ಕನ್ನಡ ಓದಬಲ್ಲವರೂ ಇಲ್ಲಿ ನಿರಕ್ಷರಿಗಳೇ. ಈ ಒಂದು ಜಾಗದಲ್ಲಾದರೂ ನಮಗೆ ಅವರ ಪಾಡು ಅರ್ಥವಾಗಬೇಕಿತ್ತು.

ಸ್ವಸಹಾಯ ಸಂಘ, ಮೈಕ್ರೋ ಫೈನಾನ್ಸ್‌ಗಳ ಸಾಲಕ್ಕೆ ಬನ್ನಿ. ಸಾಲದ ಕಾರ್ಡಿನಲ್ಲಿರುವ ವಿವರ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಎಂದು ರಿಸರ್ವ್ ಬ್ಯಾಂಕ್ 2022ರ ನಿರ್ದೇಶನಗಳಲ್ಲಿ ಹೇಳಿದೆ. ಒಳ್ಳೆಯ ನಿಯಮ. ಆದರೆ ಕಾರ್ಡು ಕನ್ನಡದಲ್ಲಿದ್ದ ಮಾತ್ರಕ್ಕೆ ಕನ್ನಡ ಓದಲು ಬಾರದ ಹೆಂಗಸಿಗೆ ಬಡ್ಡಿ ಎಷ್ಟೆಂದು ತಿಳಿದೀತೆ? ವಾರದ ಕಂತು ಎಷ್ಟೆಂದು ಬಾಯಲ್ಲಿ ಹೇಳಿರುತ್ತಾರೆ, ಅದು ಆಕೆಗೆ ಕಂಠಪಾಠ. ಒಟ್ಟು ಎಷ್ಟು ಕಟ್ಟಬೇಕು, ವಿಮೆಯ ಹೆಸರಲ್ಲಿ ಎಷ್ಟು ಮುರಿದುಕೊಂಡಿದ್ದಾರೆ ಎಂಬುದು ಕಾಗದದಲ್ಲಿರುತ್ತದೆ. ಸಾಲ ವಸೂಲಿಯ ಕಿರುಕುಳ ತಾಳದೆ ಊರು ಬಿಟ್ಟವರ, ಜೀವ ಬಿಟ್ಟವರ ಸುದ್ದಿಗಳು ಬಂದ ಮೇಲೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ ಶಿಕ್ಷೆಯೇನೋ ಬಂತು. ಸಾಲ ಕೊಡುವ ದಿನ ಆ ಕಾರ್ಡನ್ನು ಗಟ್ಟಿಯಾಗಿ ಓದಿ ಹೇಳಿಸುವ ಕೆಲಸವನ್ನು ಯಾರೂ ಮೈಮೇಲೆ ಹಾಕಿಕೊಂಡಿಲ್ಲ.

ಇನ್ನೊಂದು ಮಾತು ಸಾಕ್ಷರತೆಯ ಕೆಲಸ ಮಾಡುವ ಗೆಳೆಯರಿಗೆ ಕಹಿ ಎನಿಸಬಹುದು. ಸಹಿ ಕಲಿಸಿ "ಇವರು ಸಾಕ್ಷರರಾದರು" ಎಂದು ಪಟ್ಟಿಗೆ ಸೇರಿಸುವುದನ್ನು ನಿಲ್ಲಿಸಿ. ಅದು ಅರ್ಧ ಕೆಲಸ ಎಂದಷ್ಟೇ ನನ್ನ ದೂರಲ್ಲ, ಅದರಲ್ಲಿ ಅಪಾಯವೇ ಇದೆ. ಹೆಬ್ಬೆಟ್ಟು ಒತ್ತಿದರೆ ಸಾಕ್ಷಿ ಬೇಕು, ಓದಿ ಹೇಳಿದ್ದೇವೆ ಎಂದು ಬರೆಯಬೇಕು, ನಾಳೆ ಕೋರ್ಟಿಗೆ ಹೋದರೆ "ಇವರಿಗೆ ಇದನ್ನು ತಿಳಿಸಿ ಹೇಳಿದವರು ಯಾರು?" ಎಂಬ ಪ್ರಶ್ನೆ ಏಳುತ್ತದೆ. ಸೊಟ್ಟಗಾದರೂ ಸರಿ, ಹೆಸರು ಬರೆದರೋ, ಓದಿಯೇ ಬರೆದಿದ್ದಾರೆ ಎಂದು ಎಲ್ಲರೂ ತಿಳಿಯುತ್ತಾರೆ. ಓದಲು ಬಾರದವಳ ಕೈಗೆ ಸಹಿ ಕೊಟ್ಟು ಅವಳಿಗಿದ್ದ ಒಂದು ಬೇಲಿಯನ್ನೂ ಕಿತ್ತಂತಾಯಿತು. ತನ್ನ ಹೆಸರು ತಾನೇ ಬರೆದಾಗ ಆಕೆಯ ಮುಖದಲ್ಲಿ ಬರುವ ಹೆಮ್ಮೆ ಸಣ್ಣದಲ್ಲ, ಅದನ್ನು ಕಂಡವರಿಗೆ ಗೊತ್ತು. ಆ ಹೆಮ್ಮೆಯ ಮರುದಿನವೇ ಪಾಠ ನಿಂತುಹೋಗುವುದು ಮೋಸ.

ಓದು ಬಾರದವರು ಆಡಳಿತದಲ್ಲಿ ಏಕೆ ಬೇಕು ಎಂಬ ವಾದ ಆಗಾಗ ಏಳುತ್ತದೆ. 2015ರಲ್ಲಿ ಹರಿಯಾಣ ಪಂಚಾಯಿತಿ ಚುನಾವಣೆಗೆ ನಿಲ್ಲಲು ಶಾಲೆಯ ಅರ್ಹತೆ ಕಡ್ಡಾಯ ಮಾಡಿತು. ಅದೇ ವರ್ಷ ಡಿಸೆಂಬರಿನಲ್ಲಿ ರಾಜ್‌ಬಾಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ರಾಜಸ್ಥಾನವೂ ಅಂಥದ್ದೇ ಕಾನೂನು ಮಾಡಿ 2019ರಲ್ಲಿ ಹಿಂದಕ್ಕೆ ಪಡೆಯಿತು. ಶಾಲೆ ಕೊಡದ ಸರ್ಕಾರ, ಶಾಲೆಗೆ ಹೋಗಲಿಲ್ಲವೆಂದು ದಲಿತ ಹೆಂಗಸರನ್ನು ಚುನಾವಣೆಯಿಂದ ಹೊರಗಿಟ್ಟಿತು. 1928ರಲ್ಲೇ ಸೈಮನ್ ಆಯೋಗದ ಮುಂದೆ ವಯಸ್ಕರೆಲ್ಲರಿಗೂ ಮತದಾನದ ಹಕ್ಕು ಬೇಕೆಂದು ವಾದಿಸಿದ ಅಂಬೇಡ್ಕರ್, ಅಕ್ಷರವಿಲ್ಲದವರಿಗೆ ತಿಳಿವಳಿಕೆಯೂ ಇಲ್ಲ ಎಂಬ ಮಾತನ್ನು ಒಪ್ಪಿರಲಿಲ್ಲ. ಅವರ ವಾದವೇ ನನಗೆ ಸರಿಯೆನಿಸುತ್ತದೆ, ಸುಪ್ರೀಂ ಕೋರ್ಟಿನದಲ್ಲ.

ಕರ್ನಾಟಕ ಅಂಥ ಕಾನೂನು ಮಾಡಲಿಲ್ಲ, ಅದು ನಮ್ಮ ಪುಣ್ಯ. 1987ರ ಮಂಡಲ ಪಂಚಾಯಿತಿಯ ಕಾಲಕ್ಕೇ ಇಲ್ಲಿ ಹೆಂಗಸರಿಗೆ ಕಾಲು ಭಾಗ ಮೀಸಲಿತ್ತು, ಈಗ ಅರ್ಧ. ಆದರೆ ಆ ಕುರ್ಚಿಯಲ್ಲಿ ಕುಳಿತ ಓದು ಬಾರದ ಸದಸ್ಯೆಯ ಮುಂದೆ ನಡಾವಳಿ ಪುಸ್ತಕ ಇಟ್ಟು "ಇಲ್ಲಿ ಒತ್ತಿ ಅಕ್ಕಾ" ಎನ್ನುವ ದೃಶ್ಯ ಯಾವ ತಾಲ್ಲೂಕಿನಲ್ಲಿ ಇಲ್ಲ? ಸಭೆಯಲ್ಲಿ ಆಡಿದ್ದು ಒಂದು, ಪುಸ್ತಕದಲ್ಲಿ ಬರೆದದ್ದು ಇನ್ನೊಂದು. ಯಾರ ಓಣಿಗೆ ಚರಂಡಿ, ಯಾರ ಹೆಸರಿಗೆ ಮನೆ ಎಂಬುದು ಆ ಪುಸ್ತಕದಲ್ಲಿ ಬರೆದ ಹಾಗೆ ಆಗುತ್ತದೆ. ಆಮೇಲೆ ಆಕೆಯ ಗಂಡ ಬಂದು "ನಾನೇ ಓದಿ ಹೇಳ್ತೀನಿ ಬಿಡ್ರಿ" ಎಂದು ಪಕ್ಕದ ಕುರ್ಚಿಯಲ್ಲಿ ಕೂರುತ್ತಾನೆ. ಗಂಡ ಸದಸ್ಯನಾದದ್ದಕ್ಕೆ ನಾವು ಗಂಡನನ್ನು ಬೈಯುತ್ತೇವೆ. ಅವನಿಗೆ ಆ ಕುರ್ಚಿ ಹಾಕಿಕೊಟ್ಟದ್ದು ಓದಿ ಹೇಳದ ಕಚೇರಿ.

ಮತದಾರರ ಪಾಡೂ ಅಷ್ಟೇ. ಚುನಾವಣೆಗೆ ನಿಂತವರು ತಮ್ಮ ಆಸ್ತಿ, ಸಾಲ, ಕ್ರಿಮಿನಲ್ ಮೊಕದ್ದಮೆಗಳನ್ನು ಪ್ರಮಾಣಪತ್ರದಲ್ಲಿ ಹೇಳಬೇಕೆಂದು ಸುಪ್ರೀಂ ಕೋರ್ಟು 2002ರಲ್ಲಿ ತೀರ್ಪು ಕೊಟ್ಟಿತು. ಮೊಕದ್ದಮೆಗಳ ವಿವರ ಪತ್ರಿಕೆಗಳಲ್ಲಿ ಮೂರು ಸಲವಾದರೂ ಬರಬೇಕೆಂದು 2018ರಲ್ಲಿ ಹೇಳಿತು. ಪತ್ರಿಕೆ ಓದದವರಿಗೆ ಮೂರು ಸಲ ಬಂದರೇನು, ಮೂವತ್ತು ಸಲ ಬಂದರೇನು? ಊರಿನ ಆಟೋದ ಮೇಲೆ ಮೈಕು ಕಟ್ಟಿ ಓಟು ಕೇಳುತ್ತಾರಲ್ಲ, ಅದೇ ಮೈಕಿನಲ್ಲಿ ಆ ಪ್ರಮಾಣಪತ್ರವನ್ನೂ ಒಂದು ದಿನ ಓದಿಸಲಿ.

ಇಷ್ಟೆಲ್ಲದರ ನಡುವೆ ನಮ್ಮ ನಾಲಗೆ ಹೇಗಿದೆ? "ಹೆಬ್ಬೆಟ್ಟು ಗಿರಾಕಿ" ಎನ್ನುವುದು ನಮಗೆ ಬೈಗುಳ. ಹದಿನೈದು ಸಾವಿರದಷ್ಟು ಹೆರಿಗೆ ಮಾಡಿಸಿದ ಸೂಲಗಿತ್ತಿ ನರಸಮ್ಮ ಶಾಲೆಗೆ ಹೋದವರಲ್ಲ. ಕಾಡಿನ ಗಿಡಮರಗಳ ಗುಟ್ಟು ಬಲ್ಲವರಾಗಿದ್ದ ಅಂಕೋಲೆ ಕಡೆಯ ತುಳಸಿ ಗೌಡರಿಗೂ ಶಾಲೆ ಸಿಗಲಿಲ್ಲ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬ, ಪರದೇಶದವರೊಬ್ಬರು ಹಣ್ಣಿನ ಬೆಲೆ ಕೇಳಿದಾಗ ತಿಳಿಯದೆ ನಾಚಿ, ಆ ನಾಚಿಕೆಯನ್ನೇ ಹೊತ್ತು ನ್ಯೂಪಡ್ಪುವಿನಲ್ಲಿ ಮಕ್ಕಳಿಗೆ ಶಾಲೆ ಕಟ್ಟಿಸಿದರು. ಮೂವರಿಗೂ ಪದ್ಮಶ್ರೀ ಬಂತು. ತುಳಸಿ ಗೌಡ, ಹಾಜಬ್ಬ ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ನಡೆದುಹೋದಾಗ ನಾವು ಕಣ್ಣೊರೆಸಿಕೊಂಡು ಫೋಟೊ ಹಂಚಿಕೊಂಡೆವು. ಅದೇ ವಾರ ಬ್ಯಾಂಕಿನ ಸಾಲಿನಲ್ಲಿ "ಚಲನ್ ಬರೆದುಕೊಡಪ್ಪಾ" ಎಂದು ಯಾರೋ ಅಜ್ಜ ಕೇಳಿದಾಗ ಗಡಿಯಾರ ನೋಡಿಕೊಂಡೆವು. ಅಂಥ ನೋಟ ತಪ್ಪಿಸಿಕೊಳ್ಳಲೆಂದೇ ಎಷ್ಟೋ ಹಿರಿಯರು "ಕನ್ನಡಕ ಮನ್ಯಾಗ ಮರ್ತು ಬಂದೀನಿ ತಮ್ಮಾ" ಎನ್ನುವುದನ್ನು ಕಲಿತಿದ್ದಾರೆ. ಕನ್ನಡಕ ಅವರು ಎಂದೂ ಕೊಂಡೇ ಇಲ್ಲ.

ಈಗ ಮೊಬೈಲೇ ಮಾತಾಡುತ್ತದಲ್ಲ, ಅಕ್ಷರದ ಹಂಗು ಯಾಕೆ ಎನ್ನುವವರಿದ್ದಾರೆ. ದನಿಯ ಸಂದೇಶ ಕಳಿಸುವುದನ್ನು ನಮ್ಮ ಹಳ್ಳಿಯ ಅಜ್ಜಿಯರು ಬೇಗ ಕಲಿತರು, ನಿಜ. ಆದರೆ ಮೊಬೈಲು ಕೇಳಿದ್ದನ್ನಷ್ಟೇ ಹೇಳುತ್ತದೆ. ನಿಮ್ಮ ಹೆಸರು ಪಟ್ಟಿಯಿಂದ ಬಿಟ್ಟುಹೋಗಿದೆ, ನಿಮ್ಮ ಹೊಲದ ಪಹಣಿಯಲ್ಲಿ ಬೇರೆಯವರ ಹೆಸರು ಕೂತಿದೆ ಎಂದು ತಾನಾಗಿ ಕರೆದು ಹೇಳುವುದಿಲ್ಲ.

ಓದುಬಲ್ಲವರೇ, ನನ್ನ ಕರೆ ನಿಮಗೆ. ಕಲಿಯುವವರು ಕಲಿಯುವ ತನಕ ನಾವು ಓದಿ ಹೇಳಬೇಕು. ಇದು ದಾನವಲ್ಲ, ಬಹಳ ಕಡೆ ಕಾನೂನೇ ಹೇಳಿದ ಕೆಲಸ. ಮಾಹಿತಿ ಹಕ್ಕಿನ ಕಾಯ್ದೆಯ 6ನೇ ಕಲಮು ಓದಿ: ಬರೆಯಲು ಬಾರದವರು ಬಾಯಲ್ಲಿ ಕೇಳಿದರೆ ಅದನ್ನು ಬರವಣಿಗೆಗೆ ಇಳಿಸಲು ಮಾಹಿತಿ ಅಧಿಕಾರಿಯೇ ನೆರವಾಗಬೇಕು. ಪೊಲೀಸ್ ಠಾಣೆಯಲ್ಲಿ ಬಾಯಿಮಾತಿನ ದೂರನ್ನು ಬರೆದುಕೊಂಡು, ದೂರು ಕೊಟ್ಟವರಿಗೆ ಓದಿ ಹೇಳಿ, ಪ್ರತಿಯನ್ನು ಪುಕ್ಕಟೆ ಕೊಡಬೇಕು. 2005ರ ಉದ್ಯೋಗ ಖಾತರಿ ಕಾಯ್ದೆ ಕೆಲಸ ಕೇಳಿ 15 ದಿನದೊಳಗೆ ಕೊಡದಿದ್ದರೆ ನಿರುದ್ಯೋಗ ಭತ್ಯೆ ಎಂದಿತ್ತು. ಕೆಲಸ ಕೇಳಿದ ದಿನದ ತಾರೀಖು ಹಾಕಿದ ರಸೀದಿ ಕೈಯಲ್ಲಿಲ್ಲದೆ ಆ ಭತ್ಯೆ ಕೇಳುವುದೆಂತು? ರಸೀದಿ ಕೊಡದೆ ಕಳಿಸಿದ್ದು ಓದಲು ಬಾರದ ಕೂಲಿಯವರಿಗೆ ತಿಳಿಯುವುದೂ ಇಲ್ಲ. ಕಚೇರಿಯಲ್ಲಿ ಕೆಲಸ ಮಾಡುವವರು ನೀವಾದರೆ, ನಾಳೆಯಿಂದ ಯಾರ ಕೈಗೆ ಕಾಗದ ಕೊಟ್ಟರೂ "ಓದಿ ಹೇಳ್ಲಾ?" ಎಂದು ನೀವೇ ಕೇಳಿ. ಓದು ಬರುತ್ತದೆಯೇ ಎಂದು ಕೇಳಬೇಡಿ, ಆ ಪ್ರಶ್ನೆಗೆ ನಾಚಿಕೆಯ ಉತ್ತರವೇ ಬರುವುದು.

ಕಲಿಸುವ ಕೆಲಸದ ದಾರಿ ಹೊಸದಾಗಿ ಹುಡುಕಬೇಕಿಲ್ಲ. ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿ ಸ್ವಾತಂತ್ರ್ಯಕ್ಕೂ ಮೊದಲೇ ಈ ಕೆಲಸಕ್ಕೆ ಇಳಿದು, ಹೊಸದಾಗಿ ಕಲಿತವರು ಓದಲೆಂದು "ಬೆಳಕು" ಎಂಬ ಪತ್ರಿಕೆ ನಡೆಸಿತು. ಕಲಿತ ಅಕ್ಷರ ಉಳಿಯಬೇಕಾದರೆ ಓದಲು ಏನಾದರೂ ಕೈಯಲ್ಲಿರಬೇಕು ಎಂಬುದು ಅವರಿಗೆ ತಿಳಿದಿತ್ತು. 1990ರ ದಶಕದ ಸಾಕ್ಷರತಾ ಆಂದೋಲನದಲ್ಲಿ ಜಾಥಾ ನಡೆಯಿತು, ಬೀದಿ ನಾಟಕ ನಡೆಯಿತು, ಲಾಟೀನು ಹಿಡಿದು ಹುಡುಗ ಹುಡುಗಿಯರು ಕೇರಿಗಳಿಗೆ ಹೋದರು. ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ರಾತ್ರಿ ಪಾಠಕ್ಕೆ ಬಂದ ಹೆಂಗಸರು, ಗಂಡನ ಕುಡಿತದ ಪಾಠ ಓದಿ, ಮಾತಾಡಿಕೊಂಡು, ಊರಿನ ಸಾರಾಯಿ ಅಂಗಡಿಗೇ ಬೀಗ ಹಾಕಿಸಿದರು. 1993ರಲ್ಲಿ ಆ ರಾಜ್ಯವೇ ಸಾರಾಯಿ ನಿಷೇಧಿಸಬೇಕಾಯಿತು. ಇಲ್ಲಿ ಆಂದೋಲನ ಮುಗಿದ ಮೇಲೆ ಲಾಟೀನೂ ಆರಿತು, ಕಲಿತವರಲ್ಲಿ ಬಹಳ ಮಂದಿ ಮರೆತರು. 2022ರಲ್ಲಿ ಶುರುವಾದ, ಈಗ ಉಲ್ಲಾಸ್ ಎನ್ನುವ ಕೇಂದ್ರದ ಕಾರ್ಯಕ್ರಮವಿದೆ, 15 ದಾಟಿದ ಯಾರು ಬೇಕಾದರೂ ಕಲಿಯಬಹುದು, ಕಲಿಸುವವರು ಸ್ವಯಂಸೇವಕರು. ಆ ಸ್ವಯಂಸೇವಕರು ಎಲ್ಲಿಂದ ಬರಬೇಕು? ನಿವೃತ್ತರಾದ ಮಾಸ್ತರರೇ, ಪಿಯುಸಿ ಮುಗಿಸಿ ರಜೆಯಲ್ಲಿರುವ ಮಕ್ಕಳೇ, ನೀವಲ್ಲದೆ ಇನ್ನು ಯಾರು?

ಪಂಚಾಯಿತಿ ಗ್ರಂಥಾಲಯಗಳಿಗೆ ಅರಿವು ಕೇಂದ್ರ ಎಂದು ಹೆಸರಿಟ್ಟಿದ್ದೇವೆ. ನಾನು ಕಂಡ ಕಡೆಯೆಲ್ಲ, ಕೂಲಿಯವರು ಹೊಲದಿಂದ ಬರುವ ಹೊತ್ತಿಗೆ ಅದಕ್ಕೆ ಬೀಗ ಬಿದ್ದಿರುತ್ತದೆ. ಸಂಜೆ ಏಳರಿಂದ ಒಂಬತ್ತು ಆ ಬಾಗಿಲು ತೆರೆದಿರಲಿ ಎಂದು ಪಂಚಾಯಿತಿಗೆ ಬರೆದುಕೊಡಿ. ಪಾಠ ಅ, ಆ, ಇ, ಈಯಿಂದಲೇ ಶುರುವಾಗಬೇಕಿಲ್ಲ. ಅವರ ಪಾಸ್‌ಬುಕ್ಕು, ಅವರ ಪಹಣಿ, ಅವರ ಸಾಲದ ಕಾರ್ಡು, ಅವರೂರಿನ ಬಸ್ಸಿನ ಬೋರ್ಡು, ಇವೇ ಮೊದಲ ಪುಸ್ತಕವಾಗಲಿ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡು ಇಲ್ಲವೆಂದಾಗಿ ವರ್ಷಗಳಾದವು. ಎಲ್ಲಿಗೆ ಬೇಕಾದರೂ ಹೋಗಬಲ್ಲವರು ಇನ್ನೂ "ಇದು ಎಲ್ಲಿಗಿ ಹೋಗ್ತದೋ ಯಪ್ಪಾ?" ಎಂದು ಕಿಟಕಿಯಿಂದ ಕಿಟಕಿಗೆ ಕೇಳುತ್ತ ಓಡುತ್ತಿದ್ದಾರೆ.

ನಿಮ್ಮೂರಿನಲ್ಲಿ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಲೇಬೇಕು, ಅದು ಕಾನೂನು. ಈ ಸಲ ಹೋಗಿ. ಹಿಂದಿನ ಸಭೆಯ ನಡಾವಳಿಯನ್ನು ಗಟ್ಟಿಯಾಗಿ ಓದಿಸಿ, ಫಲಾನುಭವಿಗಳ ಪಟ್ಟಿಯನ್ನು ಹೆಸರು ಹೆಸರಾಗಿ ಓದಿಸಿ. ಹೊತ್ತಾಯಿತು ಎಂದು ಪಿಡಿಒ ಹೇಳಿದರೆ ಪುಸ್ತಕ ಕೈಗೆ ಕೊಡಿ ಎಂದು ಕೇಳಿ, ನೀವೇ ನಿಂತು ಓದಿ. ಓದಿ ಮುಗಿಯುವ ತನಕ ಇಂಕ್ ಪ್ಯಾಡಿನ ಮುಚ್ಚಳ ತೆಗೆಯಲು ಬಿಡಬೇಡಿ.